ಐದನೇ ತಿಂಗಳ ಗುರುವಾರ

ಮುಕ್ತಾ ಡಾಕ್ಟರಿಕೆ ಓದಿ ಮುಗಿಸಿ ಮನೆಗೆ ಬಂದ ದಿನ ನನ್ನ ಹೆಂಡತಿ ಗುರುಬಾಯಿ ಅವಳನ್ನು ಹೊಸ್ತಿಲಲ್ಲೇ ನಿಲ್ಲಿಸಿ ಬಲಗೈ ಚಾಚಿಸಿದಳು. ಅಂಗೈ ನಡುವೆ ಗೋಲಿಯಷ್ಟು ಬೆಣ್ಣೆ ಇಟ್ಟಳು. ಎಣಿಸಿದವನು ನಾನು. ಏಳು ಅನ್ನುವಷ್ಟರಲ್ಲಿ ಬೆಣ್ಣೆ ಕರಗಿ ಮೊಣಕೈಗೆ ಇಳಿಯಿತು. ಎದುರುಮನೆ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ ಹೆಂಗಸರು ಬಾಯಿ ಮೇಲೆ ಸೆರಗು ಇಟ್ಟುಕೊಂಡರು. ಹತ್ತರೊಳಗಿನ ಕೈ ಎಂದರೆ ನಮ್ಮ ಊರಲ್ಲಿ ಸಣ್ಣ ಮಾತಲ್ಲ. ಅಂಥ ಕೈ ಹೊಟ್ಟೆ ಮೇಲೆ ಇಟ್ಟರೆ ಹೊಟ್ಟೆನೋವು ಹೋಯಿತು, ಹಣೆ ಮೇಲೆ ಇಟ್ಟರೆ ತಲೆನೋವು ಹೋಯಿತು. ನಾನು ಹಳ್ಳಿಯ ಶಾಲೆಯಲ್ಲಿ ಏಳನೇ ಇಯತ್ತೆ ಓದಿ, ಈ ಊರಿಗೆ ಬಂದು ಹಿಟ್ಟಿನ ಗಿರಣಿ ಹಾಕಿದವನು. ಇಪ್ಪತ್ತೆರಡು ವರ್ಷ ಜೋಳದ ಧೂಳು ನುಂಗಿದ್ದಕ್ಕೆ ಅವತ್ತು ಬೆಲೆ ಬಂತು ಎಂದುಕೊಂಡೆ.

ಓದು ಮುಗಿದ ದಿನ ಬಂದ ಕಾವು ಹಾಗೇ ಉಳಿಯುವುದಿಲ್ಲ, ದಿನದಿನಕ್ಕೆ ಆರುತ್ತದೆ. ಪ್ರತಿ ತಿಂಗಳ ಮೊದಲ ಗುರುವಾರ ಹಳೇ ಜಕಾತಿ ನಾಕಾದಲ್ಲಿ ನಾಲ್ಕು ಜನ ಹಿರಿಯ ಡಾಕ್ಟರರು ಕೂತು ಪರೀಕ್ಷೆ ಮಾಡುತ್ತಾರೆ. ಪಾಸಾಗಿ ಸನದು ಕೈಗೆ ಬಂದ ದಿನ ಅಂಗೈಯಲ್ಲಿ ಎಷ್ಟು ಕಾವು ಇರುತ್ತದೋ ಅಷ್ಟು ಸಾಯುವತನಕ ನಿಲ್ಲುತ್ತದೆ. ಪರೀಕ್ಷೆಗೆ ಕೂಡದೆ ಹಾಗೇ ಉಳಿದರೆ ಒಂದು ವರ್ಷದಲ್ಲಿ ಕೈ ಕಲ್ಲಿನ ಹಾಗೆ ತಣ್ಣಗಾಗುತ್ತದೆ. ಪರೀಕ್ಷೆಯಲ್ಲಿ ಬಿದ್ದವರು ಮತ್ತೆ ಒಂದು ವರ್ಷ ನಾಕಾದ ಮೆಟ್ಟಿಲು ಹತ್ತುವಂತಿಲ್ಲ. ಹಾಗಾಗಿ ಎಲ್ಲರೂ ಮೊದಲ ತಿಂಗಳು ಗಟ್ಟಿಯಾಗಿ ಓದಿ, ಎರಡನೇ ತಿಂಗಳಿಗೆ ಕೂತುಬಿಡುತ್ತಾರೆ. ಅಲ್ಲಿಯವರೆಗೆ ಅವರ ಕೈಗೆ ಅರಳೆ ತುಂಬಿದ ಚೀಲ ಕಟ್ಟಿರುತ್ತಾರೆ. ಪಾತ್ರೆ ತೊಳೆಸುವುದಿಲ್ಲ, ಮಜ್ಜಿಗೆ ಮುಟ್ಟಿಸುವುದಿಲ್ಲ. ತುತ್ತು ಕೂಡ ತಾಯಿಯೇ ಮಾಡಿ ತಿನ್ನಿಸುತ್ತಾಳೆ.

ಗುರುಬಾಯಿ ಆ ಚೀಲವನ್ನು ಎರಡು ವರ್ಷ ಮೊದಲೇ ಹೊಲಿದಿಟ್ಟಿದ್ದಳು. ಮುಕ್ತಾ ಅದನ್ನು ಹಾಕಿಕೊಳ್ಳಲಿಲ್ಲ. ಮಾರನೇ ದಿನ ಬೆಳಗ್ಗೆ ಎದ್ದವಳೇ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯಲು ಕೂತಳು.

"ಕೈ ನೀರಾಗ ಯಾಕ ಹಾಕಿದಿ?" ಎಂದೆ.

"ಅರಿವಿ ಹೊಲಸಾಗಿದ್ದುವಪ್ಪಾ."

"ಅರಿವಿ ಒಗ್ಯಾಕ ನಿಮ್ಮವ್ವ ಇಲ್ಲೇನು? ಬರೋ ತಿಂಗಳ ಪರೀಕ್ಷಾ ಕೂಡಾಕಿ ನೀ."

"ಬರೋ ತಿಂಗಳ ಕೂಡಂಗಿಲ್ಲ."

ಗಿರಣಿಯಲ್ಲಿ ಮಿಷನ್ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ದನಿ ಯಾವಾಗಲೂ ಎರಡು ಓಣಿಗೆ ಕೇಳಿಸುತ್ತದೆ. ಅವತ್ತು ನಾಲ್ಕು ಓಣಿಗೆ ಕೇಳಿಸಿರಬೇಕು. ಮುಕ್ತಾ ಒಂದು ಸೀರೆ ಹಿಂಡಿ ಹಗ್ಗಕ್ಕೆ ಹಾಕಿ, ಆಮೇಲೆ ಹೇಳಿದಳು. ಕಲಿಕೆಯ ಕಡೆಯ ಆರು ತಿಂಗಳು ಅವಳನ್ನು ದವಾಖಾನೆಯ ಹಿಂದಿನ ವಾರ್ಡಿಗೆ ಹಾಕಿದ್ದರು. ಅಲ್ಲಿ ಅಂಬಾಬಾಯಿ ಎಂಬ ತಣ್ಣನ ಕೈಯ ಡಾಕ್ಟರಮ್ಮ ಇದ್ದರು. ಸನದು ಇದ್ದರೂ ಊರಲ್ಲಿ ಯಾರೂ ಅವರ ಹತ್ತಿರ ಹೋಗುತ್ತಿರಲಿಲ್ಲ. ಕೈ ಮೀರಿದವರನ್ನು ಕಡೆಗೆ ತಂದು ಹಾಕುವುದು ಮಾತ್ರ ಆ ವಾರ್ಡಿಗೆ.

"ಅಲ್ಲಿಗೆ ಬರೋರು ಯಾರೂ ನೋವು ಅನ್ನಂಗಿಲ್ಲಪ್ಪಾ," ಎಂದಳು ಮುಕ್ತಾ. "ನಕ್ಕೋತ ಬರ್ತಾರ. ಹೊಟ್ಟಿ ನೋಡಿದ್ರ ಹಲಗಿ ಆಗಿರ್ತದ, ಮೈ ಸುಡ್ತಿರ್ತದ. ಐದರ ಕೈಯಾಂವ ಮುಟ್ಟಿರ್ತಾನ, ನೋವು ಹೋಗಿರ್ತದ, ರೋಗ ಒಳಗ ಉಳದಿರ್ತದ. ನೋವು ಪೂರಾ ಹೋಗಬಾರದು. ಎಲ್ಲಿ ಅದ ಅಂತ ಹೇಳೋವಷ್ಟರ ಉಳೀಬೇಕು. ನನ್ನ ಕೈ ಒಂದೀಟು ಆರಲಿ. ಅಲ್ಲೀತನ ಅಂಬಾಬಾಯಿಯವರ ಕೈಕೆಳಗ ಕೆಲಸ ಮಾಡ್ತೀನಿ."

"ಕಾವು ಆರಲಿ ಅಂತ ಕಾಯೋ ಡಾಕ್ಟರನ್ನ ಈ ಊರಾಗ ಯಾರೂ ನೋಡಿಲ್ಲ," ಎಂದೆ.

"ಈಗ ನೋಡ್ತಾರ ಬಿಡು," ಎಂದಳು.

ಹುಡುಗಿಗೆ ಓದಿ ಓದಿ ತಲೆ ಕೆಟ್ಟಿದೆ ಎಂದುಕೊಂಡೆ. ಗುರುಬಾಯಿ ಮಾತ್ರ ಒದ್ದೆ ನೆಲ ಒರೆಸಿದಳು. ಅವಳ ಗುಣವೇ ಹಾಗೆ. ಮನೆಯಲ್ಲಿ ಬೆಂಕಿ ಹತ್ತಿದರೂ ನನಗೆ ಹೇಳುವ ಮೊದಲು ನೀರು ಹುಡುಕುವವಳು.

ಮುಂದಿನ ತಿಂಗಳು ಮುಕ್ತಾಳ ಜೊತೆ ಓದಿದ ರಾಚಪ್ಪ ಪರೀಕ್ಷೆಗೆ ಕೂತು ಪಾಸಾದ. ನಮ್ಮ ಓಣಿಯ ಬಳೆಗಾರರ ಮಗ, ಬಡವ, ಒಳ್ಳೆಯ ಹುಡುಗ. ಅವನದು ಐದರ ಕೈ. ಹದಿನೈದು ದಿನದಲ್ಲಿ ಅವನ ಮನೆ ಮುಂದಿನ ಸಾಲು ನನ್ನ ಗಿರಣಿಯ ಬಾಗಿಲು ದಾಟಿ ಬಸ್ ನಿಲ್ದಾಣದ ಕಡೆ ತಿರುಗಿತು. ಜೋಳ ಬೀಸಿಸಲು ಬಂದವರಿಗೆ ಮಾತಾಡಲು ಬೇರೆ ವಿಷಯವೇ ಉಳಿಯಲಿಲ್ಲ. "ಗಿರಣಿ ಈರಭದ್ರಣ್ಣಾ, ಮಗಳು ಯಾವಾಗ ಕೂಡ್ತಾಳಪಾ?" ಎನ್ನುವರು. "ಏಳರ ಕೈ ಇತ್ತಂತಲ್ಲ, ಈಗ ಎಷ್ಟಕ್ಕ ಇಳೀತು?" ಎನ್ನುವರು. ಒಬ್ಬ ಮುದುಕಿ, "ಎಲ್ಲ್ಯರ ಹುಡುಗನ್ನ ನೋಡ್ಕೊಂಡಾಳೇನೋ, ಕೇಳು," ಎಂದಳು. ಅವಳ ಬುಟ್ಟಿಯನ್ನು ಜೋಳದ ಸಮೇತ ಬೀದಿಗೆ ಎಸೆದೆ. ಆಮೇಲೆ ಅವಳೂ ನಾನೂ ಕೂತು ಆಯ್ದೆವು.

ಎರಡನೇ ತಿಂಗಳು ಹೋಯಿತು. ಮೂರನೇ ತಿಂಗಳೂ ಹೋಯಿತು. ಪ್ರತಿ ಭಾನುವಾರ ಗುರುಬಾಯಿ ಬೆಣ್ಣೆ ಇಡುವಳು. ಹತ್ತಾಯಿತು, ಹದಿಮೂರಾಯಿತು. ನನಗೆ ಎಣಿಸಲು ಮನಸ್ಸಾಗದೆ ಎದ್ದು ಹೋಗತೊಡಗಿದೆ. ತಾಯಿ ಮಗಳು ಇಬ್ಬರೇ ಎಣಿಸಿ ಏನೋ ಗುಸುಗುಸು ಮಾತಾಡಿಕೊಳ್ಳುವರು. ನಾನು ಒಳಗೆ ಬಂದರೆ ಮಾತು ನಿಲ್ಲುವುದು. "ಯಾವಾಗ ಕೂಡ್ತಿ, ಅದನ್ನರ ಹೇಳು," ಎಂದು ದಿನಾ ಉಣ್ಣುವಾಗ ಕೇಳುತ್ತಿದ್ದೆ. "ಕೈ ಹೇಳಿದಾಗ," ಎನ್ನುವಳು ಮುಕ್ತಾ. ಒಂದು ಸಲ ಊಟದ ಗಂಗಾಳ ಗೋಡೆಗೆ ಎಸೆದೆ.

ನಾಲ್ಕನೇ ತಿಂಗಳ ಪರೀಕ್ಷೆಗೆ ಮೂರು ದಿನ ಮೊದಲು ನಾಕಾಕ್ಕೆ ಹೋದೆ. ಅಲ್ಲಿ ಮೇಜಿನ ಮೇಲೆ ಪಟ್ಟಿ ಇಟ್ಟಿರುತ್ತಾರೆ. ಕೂಡುವವರೇ ಬರೆಯಬೇಕೆಂದಿಲ್ಲ, ಮನೆಯ ಹಿರಿಯರು ಬಂದು ಹೆಸರು ಬರೆದರೂ ನಡೆಯುತ್ತದೆ. ಅದು ಮೊದಲಿನಿಂದ ಬಂದ ಪದ್ಧತಿ. ನನ್ನ ಏಳನೇ ಇಯತ್ತೆಯ ಅಕ್ಷರದಲ್ಲಿ ದುಂಡಗೆ ಬರೆದೆ, ಮುಕ್ತಾ ಈರಭದ್ರಪ್ಪ. ನನ್ನ ಲೆಕ್ಕ ಇಷ್ಟೇ. ಪರೀಕ್ಷೆಯ ದಿನ ನಾಕಾದ ಮುಂದೆ ಅರ್ಧ ಊರು ಸೇರಿರುತ್ತದೆ. ಎಲ್ಲರ ಎದುರು ಹೆಸರು ಕೂಗಿದರೆ ಯಾವ ಹುಡುಗಿ ತಾನೇ ಬರುವುದಿಲ್ಲ? ಬಂದರೆ ಪಾಸಾಗುತ್ತಾಳೆ. ಅವಳ ಓದಿನ ಬಗ್ಗೆ ನನಗೆ ಅನುಮಾನ ಇರಲಿಲ್ಲ.

ಗುರುವಾರ ಬೆಳಗ್ಗೆ ಅವಳು ದವಾಖಾನೆಗೆ ಹೊರಟಾಗ, "ಹನ್ನೊಂದಕ್ಕ ನಾಕಾದ ಹತ್ರ ಬಾ, ಕೆಲಸದ," ಎಂದೆ. "ಬಿಡುವಾದ್ರ ಬರ್ತೀನಿ," ಎಂದಳು. ಏನು ಕೆಲಸ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹನ್ನೊಂದಕ್ಕೆ ಹೆಸರು ಕೂಗಿದರು. ನಾನು ಗಿರಣಿ ಬಂದ್ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಸಾಲಲ್ಲೇ ನಿಂತಿದ್ದೆ. ಎರಡನೇ ಸಲ ಕೂಗಿದಾಗ ಜನ ತಿರುಗಿ ನನ್ನನ್ನು ನೋಡಿದರು. ಕರೆತರಲು ದವಾಖಾನೆಗೆ ಓಡಿದವನು ತೇಕುತ್ತ ವಾಪಸು ಬಂದ. ಹೆರಿಗೆ ಅರ್ಧಕ್ಕೆ ನಿಂತಿದೆ, ಕೂಸಿನ ಕಾಲು ಮುಂದಾಗಿದೆ, ಈಗ ಬಿಟ್ಟು ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದ್ದಳು. ಅಷ್ಟರಲ್ಲಿ ಮೂರನೇ ಸಲವೂ ಕೂಗಿ ಆಗಿತ್ತು. ಹೆಸರು ಬರೆಸಿ ಬಾರದವರು ಪರೀಕ್ಷೆಯಲ್ಲಿ ಬಿದ್ದವರ ಲೆಕ್ಕ. ಒಂದು ವರ್ಷ ಮತ್ತೆ ಕೂಡುವಂತಿಲ್ಲ. ನಾಲ್ವರಲ್ಲಿ ಹಿರಿಯರಾದವರು ಹೆಸರಿನ ಮೇಲೆ ಗೆರೆ ಎಳೆದರು. ಬರೆದದ್ದು ಅವಳಲ್ಲ, ನಾನು ಎಂದು ಹೇಳಲು ಬಾಯಿ ತೆರೆದೆ. ಮಂದಿಯ ಮುಖ ನೋಡಿ ಮುಚ್ಚಿಕೊಂಡೆ.

ಸಂಜೆ ಮುಕ್ತಾ ಬಂದಳು. ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರಿತ್ತು. ನಾನು ಮೊದಲು ಕೂಗಾಡಿದೆ, ಮಾನ ಕಳೆದೆ ಎಂದೆ, ಯಾರದೋ ಕೂಸಿಗಾಗಿ ನಿನ್ನ ಜನ್ಮ ಹಾಳು ಮಾಡಿಕೊಂಡೆ ಎಂದೆ. ಅವಳು ತಾಯಿಯ ಮುಖ ನೋಡಿದಳು. ತಾಯಿ ಬೇಡ ಎನ್ನುವ ಹಾಗೆ ತಲೆ ಆಡಿಸಿದಳು. ಮುಕ್ತಾ ಹಿತ್ತಲಿಗೆ ಹೋಗಿ ಬಾವಿಯಿಂದ ಕೊಡ ಸೇದಿ ಎರಡೂ ಕೈ ಮುಳುಗಿಸಿ ಬಹಳ ಹೊತ್ತು ಕೂತಳು. ಆ ಭಾನುವಾರದಿಂದ ಗುರುಬಾಯಿ ಬೆಣ್ಣೆ ಇಡುವುದನ್ನು ಬಿಟ್ಟಳು.

ಒಂಬತ್ತನೇ ತಿಂಗಳಲ್ಲಿ ಗುರುಬಾಯಿಗೆ ಹೊಟ್ಟೆನೋವು ಬಂತು. ಬೆಳಗ್ಗೆ ರೊಟ್ಟಿ ತಟ್ಟುತ್ತಿದ್ದವಳು ಒಲೆಯ ಮುಂದೆ ಹಾಗೇ ಮುದುಡಿದಳು. ಮುಕ್ತಾ ಓಡಿಬಂದು ಹೊಟ್ಟೆ ಮೇಲೆ ಕೈ ಇಟ್ಟಳು. ಆ ಕೈ ಎಷ್ಟು ತಣ್ಣಗಿತ್ತೆಂದರೆ ಗುರುಬಾಯಿ ಬೆಚ್ಚಿದಳು. ಮುಕ್ತಾ ಬಲಗಡೆ ಕೆಳಗೆ ಒತ್ತಿ ತಟ್ಟನೆ ಬಿಟ್ಟಳು. ಗುರುಬಾಯಿ ಚೀರಿದಳು.

"ಅಪೆಂಡಿಕ್ಸ್ ಅಪ್ಪಾ. ಇವತ್ತ ಹೊಟ್ಟಿ ಕೊಯ್ದು ತೆಗೀಬೇಕು. ಅಂಬಾಬಾಯಿಯವರು ತೆಗೀತಾರ, ಗಾಡಿ ತರಸು."

"ಅಲ್ಲಿಗೆ ಹೋದೋರು ಯಾರು ತಿರುಗಿ ಬಂದಾರ?" ಎಂದೆ.

"ತಡಾ ಮಾಡಿ ಬಂದೋರು ತಿರುಗಿ ಬಂದಿಲ್ಲ. ನಾವು ತಡಾ ಮಾಡೋದು ಬ್ಯಾಡ."

ಗಾಡಿ ತರಿಸಿದೆ. ಮುಕ್ತಾ ಮುಂದೆ ಹೋಗಿ ಅಂಬಾಬಾಯಿಯವರಿಗೆ ತಯಾರಿ ಮಾಡಲು ಹೇಳುತ್ತೇನೆಂದು ಓಡಿದಳು. ಗಾಡಿ ಓಣಿಯ ತಿರುವಿಗೆ ಬಂದಾಗ ಗುರುಬಾಯಿ ನನ್ನ ಕೈ ಹಿಡಿದು ಹಲ್ಲು ಕಚ್ಚಿದಳು. ಮೂವತ್ತು ವರ್ಷದಲ್ಲಿ ಅವಳು ನೋವು ಎಂದದ್ದು ನಾನು ಕೇಳಿರಲಿಲ್ಲ. ತಿರುವಿನಲ್ಲೇ ರಾಚಪ್ಪನ ಮನೆ. ನಾನು ಗಾಡಿ ನಿಲ್ಲಿಸಿದೆ. ಸಾಲಿನಲ್ಲಿದ್ದವರನ್ನು ತಳ್ಳಿ ಅವಳನ್ನು ಎತ್ತಿಕೊಂಡು ಒಳಗೆ ಹೋದೆ. ರಾಚಪ್ಪ ಎದ್ದು ಬಂದು, "ಏನಾತು ದೊಡ್ಡವ್ವಾ?" ಎಂದು ಹೊಟ್ಟೆ ಮೇಲೆ ಕೈ ಇಟ್ಟ. ನಾನು ಎಣಿಸಿದೆ. ಐದಕ್ಕೆ ಅವಳ ಹಣೆಯ ಗೆರೆಗಳು ಬಿಚ್ಚಿಕೊಂಡವು.

ಅವಳು ತನ್ನ ಕಾಲಲ್ಲೇ ನಡೆದು ಮನೆಗೆ ಬಂದಳು. ಬಂದವಳೇ ಉಳಿದ ಹಿಟ್ಟು ತಟ್ಟಿದಳು. ಅರ್ಧ ತಾಸಿಗೆ ಮುಕ್ತಾ ಅಂಬಾಬಾಯಿಯವರನ್ನು ಕರೆದುಕೊಂಡು ಬಂದಳು. ಬಿಳಿ ಕೂದಲಿನ, ಸಣ್ಣ ಮೈಕಟ್ಟಿನ ಹೆಂಗಸು. ನಾನು ಬಾಗಿಲಿಗೆ ಅಡ್ಡ ನಿಂತೆ.

"ನೋವಿಲ್ಲದ ಹೊಟ್ಟಿ ಯಾರರ ಹರೀತಾರೇನ್ರೀ ಬಾಯಾರ?"

"ನೋವು ತೆಗೆದಾರ, ಅಪೆಂಡಿಕ್ಸ್ ತೆಗೆದಿಲ್ಲ," ಎಂದರು ಅವರು. "ನನಗ ಎರಡು ನಿಮಿಷ ನೋಡಾಕ ಬಿಡ್ರಿ."

"ನಿಮ್ಮ ಕೈ ತಣ್ಣಗದ. ನನ್ನ ಮಗಳ ಕೈಯ್ಯೂ ತಣ್ಣಗ ಮಾಡಿ ಇಟ್ಟೀರಿ. ಇನ್ನೂ ಏನು ಬೇಕು ನಿಮಗ?"

ಮುಕ್ತಾ ನನ್ನ ತೋಳಿನ ಕೆಳಗಿಂದ ನುಗ್ಗಿ ಒಳಗೆ ಹೋಗಿ ತಾಯಿಯ ಕೈ ಹಿಡಿದಳು. "ಅವ್ವಾ, ನೀನರ ಹೇಳು. ಮೈ ಸುಡಾಕತ್ತದ ನೋಡು."

ಗುರುಬಾಯಿ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಮಗಳನ್ನು. "ಏನೂ ನೋವಿಲ್ಲ ಬಿಡವ್ವಾ. ನಾಳೆ ನೋಡೂಣು. ಅಪ್ಪನ ಸಿಟ್ಟು ಇಳೀಲಿ," ಎಂದಳು.

ಮಾರನೇ ದಿನ ಮೈ ಕಾದ ಹಂಚಾಗಿತ್ತು. ನಾನೇ ಎತ್ತಿಕೊಂಡು ಹಿಂದಿನ ವಾರ್ಡಿಗೆ ಓಡಿದೆ. ಅಂಬಾಬಾಯಿ ಹೊಟ್ಟೆ ಕೊಯ್ದು ನೋಡಿದರು. ಅಪೆಂಡಿಕ್ಸ್ ಒಡೆದು ಒಳಗೆಲ್ಲ ಕೀವು ಹರಡಿತ್ತು ಎಂದರು. ಎರಡು ದಿನ ಇದ್ದಳು. ನಗುತ್ತಲೇ ಇದ್ದಳು. ಕಟ್ಟೆ ಮೇಲೆ ಹಪ್ಪಳ ಒಣಗಲು ಹಾಕಿದ್ದೇನೆ, ಕಾಗೆ ನೋಡಿರಿ ಎಂದಳು. ಅದೇ ಕಡೆಯ ಮಾತು. ಅವಳಿಗೆ ಕಡೇತನಕ ನೋವಾಗಲಿಲ್ಲ. ಊರವರು ಅದನ್ನೇ ಪುಣ್ಯ ಎಂದರು. ಮಣ್ಣಿಗೆ ಬಂದ ರಾಚಪ್ಪ ನನ್ನ ಕಾಲ ಬಳಿ ಕೂತು ಅತ್ತ. ಅವನ ಮೇಲೆ ಸಿಟ್ಟು ಮಾಡಲು ನೋಡಿದೆ, ಬರಲಿಲ್ಲ. ಮರುದಿನ ಅವನ ಮನೆ ಮುಂದಿನ ಸಾಲು ಮೊದಲಿಗಿಂತ ಉದ್ದವಿತ್ತು.

ಆಮೇಲಿನ ತಿಂಗಳುಗಳಲ್ಲಿ ಮನೆಯಲ್ಲಿ ಇಬ್ಬರೇ. ಅವಳು ರೊಟ್ಟಿ ಮಾಡುವಳು, ನಾನು ಉಣ್ಣುವೆನು. ಯಾವಾಗ ಕೂಡುತ್ತೀ ಎಂದು ನಾನು ಕೇಳಲಿಲ್ಲ.

ವರ್ಷ ತುಂಬಿದ ಗುರುವಾರ ಅವಳೇ ಹೋಗಿ ತನ್ನ ಹೆಸರು ಬರೆದು ಬಂದು ಪರೀಕ್ಷೆಗೆ ಕೂತಳು. ನಾನು ಜನರ ಹಿಂದೆ ನಿಂತಿದ್ದೆ. ನಾಲ್ವರು ಒಂದು ತಾಸು ಕೇಳಿದರು. ಒಂದಕ್ಕೂ ಅವಳು ತಡವರಿಸಲಿಲ್ಲ. ಕಡೆಗೆ ಹಿರಿಯರು ಕನ್ನಡಕ ತೆಗೆದು, "ಇಷ್ಟು ಗೊತ್ತಿರಾಕಿ ಹೋದ ವರ್ಷ ಹೆಸರು ಬರೆಸಿ ಯಾಕ ಬರಲಿಲ್ಲವ್ವಾ? ಅವತ್ತು ಬಂದಿದ್ರ ಕೈಯಾಗ ಹದಿನೈದರ ಕಾವರ ಇರ್ತಿತ್ತು," ಎಂದರು.

"ನಾ ಬರೆಸಿರಲಿಲ್ಲರೀ. ನಾ ಅದರ ಮುಂದಿನ ತಿಂಗಳ ಕೂಡಾಕಿ ಇದ್ದೆ. ಇಪ್ಪತ್ತಕ್ಕ ಇಳೀಲಿ ಅಂತ ಕಾಯ್ತಿದ್ದೆ."

"ಮತ್ತ ಬರೆದೋರು ಯಾರು?"

ಮುಕ್ತಾ ನೆಲ ನೋಡಿದಳು. ಜನ ಒಬ್ಬರನ್ನೊಬ್ಬರು ನೋಡಿದರು. "ನಾನು ಬರೆದೆ," ಎಂದೆ. ನನ್ನ ದನಿ ಅಷ್ಟು ಸಣ್ಣಗೆ ಹೊರಟದ್ದು ಅದೇ ಮೊದಲು. ಯಾರಿಗೆ ಕೇಳಿಸಿತೋ ಇಲ್ಲವೋ. ಹಿರಿಯರು ಸನದಿನ ಮೇಲೆ ಮುದ್ರೆ ಒತ್ತಿ ಅವಳ ಕೈಗೆ ಕೊಟ್ಟರು. ಅವಳ ಬೆರಳು ತಾಗಿದ್ದಕ್ಕೆ ಅವರು ಕೈ ಹಿಂದಕ್ಕೆ ಎಳೆದುಕೊಂಡದ್ದನ್ನು ನೋಡಿದೆ.

ಮನೆಗೆ ನಡೆದು ಬರುವಾಗ ಕೇಳಿದೆ, "ಬರೇ ಒಂದು ತಿಂಗಳೇನು?"

"ಹೂಂ."

"ಐದನೇ ತಿಂಗಳಂತ ನನಗ ಹೇಳಬಾರದಾಗಿತ್ತೇನು?"

"ಅವ್ವಗ ಹೇಳಿದ್ದೆ. ಅಪ್ಪಗ ಈಗ ಹೇಳಿದ್ರ ಅಷ್ಟು ದಿನ ಯಾಕ, ಇವತ್ತ ಕೂಡು ಅಂತಾನ, ವಾರ ಮೊದಲು ಹೇಳೂಣು ಅಂದ್ಲು. ನೀ ಹೆಸರು ಬರೆದದ್ದು ಗೊತ್ತಾದ ಸಂಜಿ ನಾ ಹೇಳಾಕ ಹೋದೆ. ಆಕೀನ ಬ್ಯಾಡಂದ್ಲು. ಗೊತ್ತಾದ್ರ ಆತ ತಡಕೊಳ್ಳಂಗಿಲ್ಲ ಅಂದ್ಲು."

ಇಪ್ಪತ್ತರ ಕೈ ಇದ್ದಿದ್ದರೆ ಗುರುಬಾಯಿ ಆ ಬೆಳಗ್ಗೆ ಬೆಚ್ಚುತ್ತಿರಲಿಲ್ಲ. ನೋವು ಅರ್ಧ ಇಳಿದು ಅರ್ಧ ಉಳಿಯುತ್ತಿತ್ತು. ಸನದಿನ ಡಾಕ್ಟರು ಮನೆಯಲ್ಲೇ ಇರುವಾಗ ನಾನು ರಾಚಪ್ಪನ ಬಾಗಿಲಿಗೆ ಗಾಡಿ ನಿಲ್ಲಿಸುತ್ತಿರಲಿಲ್ಲ. ಮಗಳು ಕೂಡಲಿದ್ದ ಗುರುವಾರದ ಮಾತನ್ನು ಗುರುಬಾಯಿ ಐದು ತಿಂಗಳು ಒಳಗೆ ಇಟ್ಟುಕೊಂಡು ನನಗೆ ರೊಟ್ಟಿ ಬಡಿಸಿದ್ದಳು. ಸಿಟ್ಟಿನ ಗಂಡಸಿನ ಮನೆಯಲ್ಲಿ ಹೆಂಗಸರು ಎಷ್ಟು ಮಾತು ನುಂಗುತ್ತಾರೆಂದು ಆ ಗಂಡಸಿಗೆ ಎಂದೂ ಗೊತ್ತಾಗುವುದಿಲ್ಲ. ನನಗೆ ಗೊತ್ತಾಯಿತು. ಗೊತ್ತಾಗಿ ಏನೂ ಆಗಲಿಲ್ಲ.

ಮುಕ್ತಾ ಗಿರಣಿಯ ಪಕ್ಕದ ಕೋಣೆಯಲ್ಲಿ ಮೇಜು ಕುರ್ಚಿ ಹಾಕಿಕೊಂಡು ಕೂತಳು. ಹೊರಗೆ ರೋಗಿಗಳಿಗೆ ಒಂದು ಬೆಂಚು. ಎರಡು ತಿಂಗಳಲ್ಲಿ ಆ ಬೆಂಚಿನ ಮೇಲೆ ಕೂತದ್ದು ನಾನೊಬ್ಬನೇ. ಬೀಸುವ ಕೆಲಸ ಇಲ್ಲದಾಗ ಬಂದು ಕೂಡುತ್ತೇನೆ. ಖಾಲಿ ಬೆಂಚು ನೋಡಿ ಜನ ಮುಂದೆ ಹೋಗಬಾರದು ಎಂದು. "ಎದ್ದು ಹೋಗಪ್ಪಾ, ನಿನಗೇನು ಜಡ್ಡಾಗೇದ," ಎಂದು ಒಳಗಿಂದ ಅವಳು ಅನ್ನುತ್ತಾಳೆ. ನಾನು ಏಳುವುದಿಲ್ಲ.

ಮೊನ್ನೆ ಮಧ್ಯಾಹ್ನ ಒಬ್ಬ ಬಂದು ಪಕ್ಕದಲ್ಲಿ ಕೂತ. ಪರ ಊರಿನವನು, ಹಮಾಲಿ ಮಾಡುವವನ ಹಾಗೆ ಹೆಗಲು. ಕಣ್ಣು ಕೆಂಡವಾಗಿದ್ದವು, ಮೈಯಿಂದ ಬಿಸಿ ನನಗೇ ಬಡಿಯುತ್ತಿತ್ತು. ರಾಚಪ್ಪನ ಹತ್ತಿರ ಎರಡು ದಿನದ ಹಿಂದೆ ಹೋಗಿದ್ದನಂತೆ. "ಹೊಟ್ಟಿ ನೋವು ಆಗಲೇ ಹೋತ್ರೀ. ಮೈ ಒಂದ ಇಳೀವಲ್ದು. ಅಲ್ಲಿ ಸಾಲು ಭಾಳದ, ಇಲ್ಲಿ ಖಾಲಿ ಕಾಣ್ತು," ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ, "ಈ ಅಕ್ಕಾರ ಕೈ ಹೆಂಗದರೀ?"

ಸುಳ್ಳು ಹೇಳಬಹುದಿತ್ತು. "ತಣ್ಣಗದ," ಎಂದೆ.

ಅವನು ಎದ್ದ. ನಾನು ಅವನ ಮುಂಗೈ ಹಿಡಿದೆ. ಮೂವತ್ತು ಸೇರಿನ ಚೀಲ ಎತ್ತಿದ ಕೈ ನನ್ನದು. "ಕೂಡೋ," ಎಂದೆ. "ಬಿಡ್ರೀ ಯಜಮಾನ್ರ," ಎಂದ. "ಕೂಡಂದ್ರ ಕೂಡು. ನಾಳೆ ಸಾಯ್ತಿ ಮಗನ," ಎಂದು ಎಳೆದು ಬೆಂಚಿಗೆ ಕುಕ್ಕಿದೆ. ರಸ್ತೆಯಲ್ಲಿ ಹೋಗುವವರು ನಿಂತರು.

ಮುಕ್ತಾ ಬಾಗಿಲಿಗೆ ಬಂದಳು. ಅವನ ಕಣ್ಣು ನೋಡಿದಳು, ಅಂಗಿಯೊಳಗೆ ಹೊಟ್ಟೆ ಉಬ್ಬಿ ಬಿಗಿದಿದ್ದನ್ನು ನೋಡಿದಳು. ನೋಡಿದ್ದೇ ಅವಳಿಗೆ ಏನೆಂದು ತಿಳಿಯಿತು, ಅದು ಅವಳ ಮುಖದ ಮೇಲೇ ಕಂಡಿತು. "ಒಳಗ ಬರ್ರೀ ಅಣ್ಣಾರ. ಜ್ವರ ನೋವಿನಿಂದ ಬಂದದ್ದಲ್ಲ, ಒಳಗ ಕೆಟ್ಟದ್ದರಿಂದ ಬಂದದ. ಇವತ್ತ ನೋಡಿದ್ರ ಉಳಸಾಕ ಆಗ್ತದ," ಎಂದಳು.

ಅವನು ಅವಳ ಕೈ ಕಡೆ ನೋಡುತ್ತಿದ್ದ. "ನೋವಿಲ್ಲರೀ ಅಕ್ಕಾರ," ಎಂದ. ನಾನು ಹಿಡಿತ ಬಿಗಿ ಮಾಡಿದೆ.

"ಬಿಡಪ್ಪಾ," ಎಂದಳು ಮುಕ್ತಾ.

"ಇವನ ಹೊಟ್ಟ್ಯಾಗ ಏನದ ಅಂತ ನಿನಗ ಗೊತ್ತದ."

"ಗೊತ್ತದ. ನಾ ಹೇಳೀನಿ. ಆತ ಕೇಳ್ಯಾನ. ಹಿಡಿದು ಕೂಡಸಬ್ಯಾಡ ಯಾರನ್ನೂ."

ಬಿಟ್ಟೆ. ಅವನು ಮುಂಗೈ ತಿಕ್ಕಿಕೊಳ್ಳುತ್ತ ರಸ್ತೆ ದಾಟಿ ರಾಚಪ್ಪನ ಸಾಲಿನ ಕಡೆ ನಡೆದ. ನಡಿಗೆಯಲ್ಲಿ ನೋವಿನ ಕುರುಹೂ ಇರಲಿಲ್ಲ.

"ತಿರುಗಿ ಬರ್ತಾನೇನು?" ಎಂದು ಕೇಳಿದೆ.

"ಬಂದ್ರ ಬರ್ತಾನ."

"ಅಷ್ಟೊತ್ತಿಗೆ ಸತ್ತಿರ್ತಾನ."

"ಸಾಯಬಹುದು," ಎಂದಳು ಮುಕ್ತಾ. ಒಳಗೆ ಹೋಗಿ ಬಿಸಿನೀರಿನ ಪಾತ್ರೆಗೆ ಕತ್ತರಿ ಚಿಮಟಿಗೆಗಳನ್ನು ಹಾಕಿ ಒಲೆ ಹಚ್ಚಿದಳು. ನಾನು ಬೆಂಚಿನ ತುದಿಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕೂತೆ.